ಬಂಪರಿಗೆ ಸಾಲದ ಮಾರಮ್ಮ

ಮಗುವಿಗೆ ಚುಚ್ಚುಮದ್ದು ಹಾಕಿಸಲು ಭಾವನವರ ಕಾರನ್ನು ಮಧುಗಿರಿಗೆ ಒಯ್ದಿದ್ದೆ. ರಿವರ್ಸ್ ತೆಗೆಯುವಾಗ ಆಸ್ಪತ್ರೆಯ ಗೇಟಿನ ಕಂಬ ತಗುಲಿ, ಹಿಂದಿನ ಬಂಪರಿನ ಎಡಗಡೆ ಮೊಳದುದ್ದ ಗೀರು ಬಿತ್ತು. ಗೊತ್ತಾದರೆ ಭಾವ ನನಗೆ ಇನ್ನೆಂದೂ ಕೀ ಕೊಡುವವರಲ್ಲ. ಹೊಸ ಬಂಪರಿಗೆ ಗ್ಯಾರೇಜಿನವನು ಹೇಳಿದ ರೇಟು ಕೇಳಿ, ಸೀದಾ ಎದುರಿನ ಸ್ಟಿಕ್ಕರ್ ಅಂಗಡಿಗೆ ಹೋದೆ.

"ಮನೆದೇವ್ರ ಹೆಸರು ಅಂಟಿಸ್ಬುಡಣ್ಣ, ಗೀರು ಮುಚ್ಚಬೇಕು."

"ಯಾವ ದೇವ್ರಕ್ಕಾ?"

"ಮಾರಮ್ಮ."

ಅವನು ಟೇಪು ಹಿಡಿದು ಅಳೆದ. "ಸಾಲಲ್ಲ ಕಣಕ್ಕಾ. ಲಕ್ಷ್ಮೀನರಸಿಂಹಸ್ವಾಮಿ ಆಗಿದ್ರೆ ಸರಿಹೋಗ್ತಿತ್ತು."

"ಗೀರಿಗೋಸ್ಕರ ದೇವ್ರನ್ನೇ ಬದಲಾಯಿಸ್ಲಾ? ಮುಂದೆ ಶ್ರೀ ಹಾಕು, ಹಿಂದೆ ದೇವಿ ಪ್ರಸನ್ನ ಹಾಕು."

"ಇನ್ನೂ ಗೇಣುದ್ದ ಕಾಣ್ತದೆ."

"ನಮ್ಮೂರು ಪುರವರದ ಹೆಸರೂ ಸೇರಿಸು."

ಸಂಜೆ ಭಾವ ಕಾರಿನ ಹಿಂದೆ ಬಗ್ಗಿ ನಿಂತರು. ಅವರು 'ಶ್ರೀ ಪುರವರ ಮಾರಮ್ಮದೇವಿ ಪ್ರಸನ್ನ' ಎಂದು ಗಟ್ಟಿಯಾಗಿ ಓದಿ ಕೈಮುಗಿದರು.

"ನಂಗೇ ಹೊಳೀಲಿಲ್ಲ ನೋಡಮ್ಮ! ಬಲಗಡೆ ಬೋಳಾಗಿ ಕಾಣ್ತದೆ, ನಾಳೆ ಅಲ್ಲಿಗೂ ಒಂದು ಹಾಕಿಸ್ಕೊಂಡು ಬಾ," ಎಂದು ಕೀಯನ್ನು ತಾವೇ ನನ್ನ ಕೈಗಿಟ್ಟರು.

ಆ ಕಡೆ ಗೀರಿರಲಿಲ್ಲ. ಮರುದಿನ ಅಲ್ಲಿಗೆ ಬರೀ ಮಾರಮ್ಮ ಎಂದು ಬರೆಸಿದ್ದೇ ಸಾಕಾಯಿತು.