ಈಚೆ ದಂಡೆಯ ನೀರು

ಆ ದಿನಗಳಲ್ಲಿ ಗಲಗಲಿಯ ನಮಗೆ ಬೇಸಿಗೆ ರಜೆಯೆಂದರೆ ಕುರಿಯ ಹಿಂದೆ ಹೋಗುವುದು. ಕೃಷ್ಣೆ ಹಿಂದೆ ಸರಿದು ದಂಡೆಯುದ್ದಕ್ಕೂ ಮಡುಗಳು ಉಳಿದಿರುತ್ತಿದ್ದವು. ಮುತ್ಯಾನದು, ಅಂದರೆ ನಮ್ಮಜ್ಜನದು, ಒಂದೇ ಕಟ್ಟಳೆ: ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ದಂಡೆಗೇ ಹೋಗಿ ಕುರಿಗೆ ನೀರು ಕುಡಿಸಬೇಕು. ಗಾಳಿಗೆ ಹಸಿರು ಪಾಚಿಯೆಲ್ಲ ಅದರ ಎದುರು ದಂಡೆಗೆ, ನಾವಿರುವ ಈಚೆ ಕಡೆಗೆ, ಬಂದು ಕೂಡುತ್ತಿತ್ತು. ಅದಕ್ಕಾಗಿ ಅವನು ದಿನವೂ ಮಡುವಿಗೆ ಅರ್ಧ ಸುತ್ತು ಹಾಕುತ್ತಿದ್ದ.

ಅವತ್ತು ಮುತ್ಯಾನಿಗೆ ಕಾಲುನೋವು. ಬೇವಿನ ನೆರಳಲ್ಲಿ ಅಡ್ಡಾಗಿ, ಹತ್ತು ವರ್ಷದ ನನಗೆ ಕುರಿ ಒಪ್ಪಿಸಿದ. ಜೊತೆಗೆ ಐದು ವರ್ಷದ ತಂಗಿ ಭಾಗ್ಯ. ರೊಟ್ಟಿಯ ಜೊತೆ ಕೆಂಪು ಖಾರ ತಿಂದು ಇಬ್ಬರ ಬಾಯಿಯೂ ಉರಿಯುತ್ತಿತ್ತು. ನಾನು ಮೊದಲೇ ಮೈಗಳ್ಳಿ. ಆ ಬಿಸಿಲಲ್ಲಿ ಅರ್ಧ ಸುತ್ತು ಯಾರು ಹೋಗುತ್ತಾರೆ? ಈಚೆ ದಂಡೆಯಲ್ಲೇ ಕೋಲಿನಿಂದ ಪಾಚಿ ಸರಿಸಿದೆ. ಹುಲ್ಲು ಕೊಳೆತಂಥ ವಾಸನೆ ಬಂತು. ದೊಡ್ಡ ಕುರಿಗಳು ಮೂಸಿ ಹಿಂದೆ ಸರಿದವು. ಎರಡು ಮರಿಗಳು ಬಾಯಿ ಹಾಕಿದವು. ಅವುಗಳ ಪಕ್ಕದಲ್ಲೇ ಭಾಗ್ಯ ಬೊಗಸೆಯಲ್ಲಿ ಎತ್ತಿ ಕುಡಿದಳು. ವಾಸನೆ ಹಿಡಿಸದೆ ನಾನು ಮಾತ್ರ ಕುಡಿಯಲಿಲ್ಲ.

ಐದು ಸಣ್ಣ ಕಲ್ಲಿನ ಹಳ್ಳು ಆಯ್ದು ಆಡುತ್ತ ಕೂತಿದ್ದೆವು. ಅಷ್ಟರಲ್ಲಿ ಮರಿಗಳು ತೂರಾಡಿದವು, ಕಾಲು ಸೆಟೆದು ಬಿದ್ದವು. ನನ್ನ ಕೂಗಿಗೆ ಮುತ್ಯಾ ಕುಂಟುತ್ತ ಬಂದ.

"ಯಾವ ದಂಡ್ಯಾಗ ಕುಡಿಸಿದಿ ಯವ್ವಾ?"

"ಆಚೀ ದಂಡ್ಯಾಗ, ಮುತ್ಯಾ."

ಅವನು ನಂಬಿದ. ಹಾವು ಕಡಿದಿರಬೇಕೆಂದು ಮರಿಗಳ ಕಾಲಲ್ಲಿ ಗಾಯ ಹುಡುಕತೊಡಗಿದ. ನನ್ನ ಕಣ್ಣು ಭಾಗ್ಯಳ ಮೇಲೆ. ಅವಳು ಹಳ್ಳು ಮೇಲೆಸೆದು ಹಿಡಿಯಲು ಹೋದಳು, ತಪ್ಪಿತು. ಮತ್ತೆ ತಪ್ಪಿತು. ಹೇಳಿದರೆ ಬೆನ್ನಿಗೆ ಕೋಲು, ಹೇಳದಿದ್ದರೆ ತಂಗಿ ಸಾಯುತ್ತಾಳೆ. ಒಂದು ಮರಿ ಪ್ರಾಣ ಬಿಟ್ಟಿತು. ಆಗ ಬಾಯಿಬಿಟ್ಟೆ.

"ಈಚೀ ದಂಡ್ಯಾಗ ಕುಡಿಸೇನಿ. ಭಾಗ್ಯಾನೂ ಕುಡದಾಳ."

ಮುತ್ಯಾ ಅವಳನ್ನು ಹೆಗಲಿಗೆ ಹಾಕಿಕೊಂಡು ಅದೇ ನೋವಿನ ಕಾಲಲ್ಲಿ ರಸ್ತೆಗೆ ಓಡಿದ. ಪುಣ್ಯಕ್ಕೆ ಟಂಟಂ ಆಟೊ ಒಂದು ಸಿಕ್ಕಿತು. ಬೀಳಗಿಯ ಆಸ್ಪತ್ರೆಯಲ್ಲಿ ಮೂರು ದಿನವಿದ್ದು ಭಾಗ್ಯ ಉಳಿದಳು. ಆ ಮೂರು ದಿನ ಯಾರಾದರೂ ಬಾಗಿಲಿಗೆ ಬಂದರೆ ಸಾಕು, ನಾನು ಅವ್ವನ ಸೀರೆಯ ಹಿಂದೆ ಅಡಗುತ್ತಿದ್ದೆ.

ಈಗ ನನ್ನ ಕೆಲಸವೇ ಪಾಚಿ. ಹೊಟ್ಟೆ ತುಂಬಿಸುವ ಪಾಚಿ ಯಾವುದು, ಕೊಲ್ಲುವುದು ಯಾವುದು ಎಂದು ಗಾಜಿನ ಸೀಸೆಗಳಲ್ಲಿ ಬೆಳೆಸಿ ನೋಡುತ್ತೇನೆ. ನಾಳಿನ ಊಟಕ್ಕೆ ಇದೂ ಬೇಕಾದೀತು ಎಂದು ನಂಬಿದವಳು ನಾನು. ಆದರೂ 'ವಿಷವಿಲ್ಲ' ಎಂದು ಬರೆಯುವ ಮೊದಲು ಇಂದಿಗೂ ಎರಡೆರಡು ಸಲ ಪರೀಕ್ಷಿಸುತ್ತೇನೆ. ನಾನು ಬರೆದ ಮೇಲೆ ಲ್ಯಾಬಿನಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಮುತ್ಯಾ ಅವತ್ತು ಬೈಯಲಿಲ್ಲ, ಹೊಡೆಯಲೂ ಇಲ್ಲ. ಆದರೆ ಅಲ್ಲಿಂದ ಮುಂದೆ, ತೀರಿಕೊಳ್ಳುವವರೆಗೂ, ನನ್ನನ್ನು ಏನು ಕೇಳಿದರೂ ಅದನ್ನೇ ತಂಗಿಯನ್ನು ಇನ್ನೊಮ್ಮೆ ಕೇಳುತ್ತಿದ್ದ.