ಯಾರ ಕೆಲಸವೂ ಹೋಗಲಿಲ್ಲ

ಕಬ್ಬಿಣದ ಬೀರು ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸಂಬಳದಕ್ಕ ಎಂದೇ ಕರೆಯುತ್ತಿದ್ದರು. ಸಂಬಳ, ರಜೆ, ಬೋನಸ್ಸು, ವಿಮೆ ಎಲ್ಲವೂ ಅವಳ ಮೇಜು ದಾಟಿಯೇ ಹೋಗಬೇಕು. ಬಾಯಿ ಜೋರು, ಲೆಕ್ಕ ಚೊಕ್ಕ. ಅಜ್ಜಿ ತೀರಿಕೊಂಡಳು ಎಂದು ರಜೆ ಕೇಳಲು ಬಂದವನಿಗೆ, "ಇದು ಎಷ್ಟನೇ ಅಜ್ಜಿನಪ್ಪಾ?" ಎಂದು ಕೇಳಿ ನಗಿಸಿ, ರಜೆ ಕೊಟ್ಟೇ ಕಳಿಸುವ ಹೆಂಗಸು.

ಆ ವರ್ಷ ಪೇಟೆ ಮಲಗಿಬಿಟ್ಟಿತು. ಅಂಗಡಿಗಳಿಗೆ ಹೋದ ಬೀರುಗಳೂ ಲಾರಿ ಹತ್ತಿ ವಾಪಸು ಬಂದವು. ಮಾಲೀಕರು ಅವಳನ್ನು ಕರೆಸಿ, "ಯಾರನ್ನೂ ಕೆಲಸದಿಂದ ತೆಗೆಯೋದು ಬೇಡಮ್ಮ. ಆದ್ರೆ ಸಂಬಳದ ಖರ್ಚು ಐದರಲ್ಲಿ ಒಂದು ಪಾಲು ಇಳೀಬೇಕು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಹೇಗೆ ಮಾಡ್ತೀಯೋ ನೋಡು" ಎಂದರು.

ಅವಳು ಮನಸ್ಸಿಟ್ಟು ಮಾಡಿದಳು. ದೊಡ್ಡ ಸಂಬಳಕ್ಕೆ ದೊಡ್ಡ ಕಡಿತ, ಸಣ್ಣದಕ್ಕೆ ಸಣ್ಣದು. ಕಸ ಗುಡಿಸುವವರ ಸಂಬಳ ಮುಟ್ಟುವಂತಿಲ್ಲ. ಹೆಚ್ಚುವರಿ ಪಾಳಿ ರದ್ದು, ಬೋನಸ್ಸು ಮುಂದಕ್ಕೆ. ಇಷ್ಟಾದರೂ ಲೆಕ್ಕ ಕೂಡಿಬರಲಿಲ್ಲ. ಉಳಿದದ್ದು ನೌಕರರ ತಂದೆತಾಯಿ, ಅತ್ತೆಮಾವಂದಿರ ಆಸ್ಪತ್ರೆ ವಿಮೆ. ವಯಸ್ಸಾದವರದ್ದಾದ್ದರಿಂದ ಅದೇ ಎಲ್ಲಕ್ಕಿಂತ ತುಟ್ಟಿ. ಅದನ್ನು ಕೈಬಿಟ್ಟರೆ ಮುಗಿಯಿತು.

ಅವಳ ಕೈ ಅಲ್ಲಿ ನಿಂತಿತು. ಗಂಡ ಶಾಲೆಯೊಂದರ ವ್ಯಾನು ಓಡಿಸುವವನು; ಅವನಿಗೆ ಯಾವ ವಿಮೆಯೂ ಇಲ್ಲ. ಮಾವನಿಗೆ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತಿದ್ದದ್ದು ಇದೇ ವಿಮೆಯ ಮೇಲೆ. ಅವಳು ಯೋಚಿಸಿ ಒಂದು ವಾಕ್ಯ ಸೇರಿಸಿದಳು: ಅಧಿಕಾರಿಗಳಿಗೆ ಮಾತ್ರ ಈ ಸೌಲಭ್ಯ ಮುಂದುವರಿಯತಕ್ಕದ್ದು, ಇಲ್ಲವಾದರೆ ಅನುಭವಸ್ಥರು ಬೇರೆಡೆ ಹೋಗುವ ಸಂಭವವಿದೆ. ಅವಳೂ ಅಧಿಕಾರಿಯೇ. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಸಭೆಯಲ್ಲಿ ಯೋಜನೆ ಓದಿದಾಗ ಗೊಣಗಾಟ ಎದ್ದಿತು. "ನಮ್ಮ ಅಪ್ಪ ಅಮ್ಮ ಏನು ಬೀದೀಲಿ ಬಿದ್ದೋರಾ?" ಎಂದ ಬಣ್ಣ ಹೊಡೆಯುವವನೊಬ್ಬ. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ವೆಲ್ಡರ್ ಎದ್ದು ನಿಂತ. ಕಾರ್ಖಾನೆಯಲ್ಲಿ ಅವನ ಮಾತಿಗೆ ತೂಕವಿತ್ತು. "ಸುಮ್ನಿರೋ. ಪಕ್ಕದ ಫ್ಯಾಕ್ಟರೀಲಿ ಅರ್ಧ ಜನಾನ ಮನೆಗೆ ಕಳಿಸಿದ್ರು. ನಮ್ಮಲ್ಲಿ ಒಬ್ಬರದ್ದಾದ್ರೂ ಹೋಯ್ತಾ? ಅಕ್ಕ ಮಾಡಿದ್ದು ಅಂದ್ಮೇಲೆ ಯೋಚನೆ ಮಾಡೇ ಮಾಡಿರ್ತಾರೆ." ಗೊಣಗಾಟ ಅಡಗಿತು. ಅವಳು ಕಾಗದಗಳ ಅಂಚು ಕೂಡಿಸುತ್ತ ಕುಳಿತಳು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಕೌಂಟರಿನ ಮುಂದೆ ಅದೇ ವೆಲ್ಡರ್ ನಿಂತಿದ್ದ. ಪಕ್ಕದ ಗಾಲಿಕುರ್ಚಿಯಲ್ಲಿ ಅವನ ತಾಯಿ ಕಣ್ಣುಮುಚ್ಚಿ ಹಲ್ಲು ಕಚ್ಚಿಕೊಂಡಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತಂತೆ. "ಈ ಕಾರ್ಡು ನಡೆಯಲ್ಲ ಸಾರ್, ನಿಮ್ಮ ಕಂಪನಿಯವರೇ ನಿಲ್ಲಿಸಿದ್ದಾರೆ" ಎನ್ನುತ್ತಿದ್ದಳು ಕೌಂಟರಿನವಳು.

ವೆಲ್ಡರ್ ತಿರುಗಿದವನೇ ಮುಖ ಅರಳಿಸಿದ. "ಅಕ್ಕಾ! ಸ್ವಲ್ಪ ಕೇಳಿ ನೋಡಿ, ಏನಾದ್ರೂ ದಾರಿ ಇದ್ಯಾ ಅಂತ."

ಅವಳ ಕೈಯಲ್ಲಿ ಮಾವನ ಕಾರ್ಡಿತ್ತು. ಅದೇ ಕಂಪನಿ, ಅದೇ ನೀಲಿ ಬಣ್ಣ. ಮುಚ್ಚಿಕೊಳ್ಳಲು ಹೋದಳು, ಆಗಲಿಲ್ಲ. ಅವನು ಕಾರ್ಡು ನೋಡಿದ, ಮಾವನನ್ನು ನೋಡಿದ. ಆಮೇಲೆ ಮೆಲ್ಲಗೆ, "ಹಿರಿಯರಿಗೆ ಸಿಗ್ತಿದ್ಯಲ್ಲ, ಒಳ್ಳೇದಾಯ್ತು ಬಿಡಿ" ಎಂದ. ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

ಮಾವ ಹಳೆಯ ಕಾಲದ ಟೈಲರು, ಮಾತಿನಲ್ಲೂ ಅಳತೆ ತಪ್ಪದವರು. ಸೂಜಿ ಚುಚ್ಚಿಸಿಕೊಂಡು ಮಲಗಿದ ಮೇಲೆ ಕೇಳಿದರು: "ಅವನ ತಾಯಿಗೆ ಇಲ್ಲದ್ದು ನನಗೆ ಹೇಗೆ ಬಂತಮ್ಮ?"

"ಅದು ಹುದ್ದೆ ಮೇಲೆ ಬರುತ್ತೆ ಮಾವ."

"ಹುದ್ದೆ ಮೇಲೆ ಅಂತ ಬರೆದೋರು ಯಾರು?"

ಅವಳು ಯಂತ್ರದಲ್ಲಿ ತಿರುಗುವ ರಕ್ತವನ್ನೇ ನೋಡುತ್ತಿದ್ದಳು. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಮರುದಿನವೇ ಅವಳು ಮಾಲೀಕರ ಕೋಣೆಗೆ ಹೋಗಿ, ಯೋಜನೆ ಬದಲಿಸಬೇಕು ಎಂದಳು. "ಅಧಿಕಾರಿಗಳು ಬಿಟ್ಟುಹೋಗ್ತಾರೆ ಅಂತ ನೀನೇ ಬರೆದಿದ್ದೆಯಲ್ಲ?" ಎಂದರು ಅವರು.

"ಯಾರೂ ಹೋಗ್ತಿರಲಿಲ್ಲ ಸಾರ್. ಅದು ನಮ್ಮ ಮಾವನಿಗೋಸ್ಕರ ಬರೆದದ್ದು."

ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಗಹಗಹಿಸಿ ನಕ್ಕುಬಿಟ್ಟರು. "ಅದಕ್ಕೇನಮ್ಮ ಇಷ್ಟು ಸಪ್ಪೆ ಮುಖ? ಜೇನು ಕಿತ್ತೋರು ಕೈ ನೆಕ್ಕದೆ ಇರ್ತಾರಾ? ನೀನೂ ನಮ್ಮ ಹಾಗೇನೇ ಅಂತಾಯ್ತು!" ಆ ನಗು ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

ಹಟ ಹಿಡಿದು ಹೊಸ ಯೋಜನೆ ಮಾಡಿದಳು. ಅಧಿಕಾರಿಗಳ ಕಾರಿನ ಭತ್ಯೆ ತೆಗೆದು, ಪ್ರತಿ ಮನೆಯಲ್ಲೂ ಒಬ್ಬ ಹಿರಿಯರಿಗೆ ವಿಮೆ ಸಿಗುವಂತೆ ಮಾಡಿದಳು. ಮಾವನ ವಿಮೆಯ ಅರ್ಧ ಕಂತು ಇನ್ನು ಅವಳ ಸಂಬಳದಿಂದಲೇ. ಅಧಿಕಾರಿಗಳು ಮುಖ ಸಿಂಡರಿಸಿದರು, ಒಬ್ಬರೂ ಬಿಟ್ಟುಹೋಗಲಿಲ್ಲ. ಆದರೆ ಮೊದಲೇ ಆದ ಗಾಯಕ್ಕೆ ಹೊಸ ವಿಮೆ ಅನ್ವಯಿಸುವುದಿಲ್ಲ ಎಂದರು ವಿಮೆಯವರು. ವೆಲ್ಡರನ ತಾಯಿಗೆ ಆಪರೇಷನ್ ಆಗಲೇ ಇಲ್ಲ. ಮೂಳೆ ಸೊಟ್ಟಗೆ ಕೂಡಿಕೊಂಡಿತು.

ವೆಲ್ಡರನಿಗೆ ಅವಳು ನಿಜ ಹೇಳಿದಳು. ಅವನು ಕೈಗವಸು ಬಿಚ್ಚುತ್ತ, "ಪೆನ್ನು ನನ್ನ ಕೈಲಿದ್ದಿದ್ರೆ ನಾನೂ ಹಾಗೇ ಬರೀತಿದ್ನೇನೋ ಅಕ್ಕ" ಎಂದನಷ್ಟೆ. ಅದು ಕ್ಷಮೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ.

ಒಂದು ಭಾನುವಾರ ಹಣ್ಣು ಹಿಡಿದು ಅವನ ಮನೆಗೆ ಹೋದಳು. ಅವನು ಹೊರಗೆ ಹೋಗಿದ್ದ. ಮುದುಕಿ ಮಂಚದ ಮೇಲೆ ಎರಡೂ ಕೈಯಿಂದ ತನ್ನ ಕಾಲೆತ್ತಿ ಪಕ್ಕಕ್ಕಿಟ್ಟು, ಕೂರಲು ಜಾಗ ಮಾಡಿಕೊಟ್ಟಳು.

"ಮಗನ ಆಫೀಸಿನೋಳಾ? ಏನು ಕೆಲಸ ನಿಂದು?"

"ಸಂಬಳದ್ದು ನೋಡ್ಕೋತೀನಿ."

"ಹಾಗಾದ್ರೆ ಯಾರ ಕೆಲಸಾನೂ ಹೋಗದ ಹಾಗೆ ಕಾಪಾಡಿದೋಳು ನೀನೇನಾ ತಾಯಿ?"

ಅವಳು ಹೇಳಿದ ನಿಜವನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ.

"ಹೌದು" ಎಂದಳು ಅವಳು. ಮುದುಕಿ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.