ಅಕ್ಕನ ನಂಜಿಗೆ ಸೇಬಿನ ಪುಡಿ

ನನ್ನ ಅಕ್ಕನ ಮೈದುನ ಗಂಗಾವತಿಯ ಬಿಸಿಲಿನಲ್ಲೂ ಕೋಟು ಹಾಕಿಕೊಳ್ಳುತ್ತಾನೆ. ಮೊದಲು ಅವನಿಗೊಂದು ಗೊಬ್ಬರದ ಅಂಗಡಿ ಇತ್ತು. ಆಗ ಎಲ್ಲರಂತೆ ಅಂಗಿ ತೊಡುತ್ತಿದ್ದ, ಎಲ್ಲರಂತೆ ಮಾತಾಡುತ್ತಿದ್ದ. ಯಾವುದೋ ಕಂಪನಿಯ ಸಭೆಗೆಂದು ಹುಬ್ಬಳ್ಳಿಗೆ ಹೋಗಿ ಬಂದವನು ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ‘ಸ್ಟೆಮ್ ಸೆಲ್’ ಎಂದು ಬರೆದ ಪುಡಿಯ ಪೊಟ್ಟಣ ಮಾರತೊಡಗಿದ. ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಮಕ್ಕಳಾಗದಿರುವುದು, ಕೂದಲು ಉದುರುವುದು, ಎಲ್ಲಕ್ಕೂ ಅದೇ ಪೊಟ್ಟಣ. ಗೊಬ್ಬರ ಮಾರುವಾಗಲಾದರೂ ಯಾವ ಬೆಳೆಗೆ ಬೇಕು ಎಂದು ಕೇಳಿ ಕೊಡುತ್ತಿದ್ದ.

ನಾನು ಕುಷ್ಟಗಿಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಅದು ಗೊತ್ತಿದ್ದೂ ಅವನು ಅಕ್ಕನ ಮನೆಯ ಪಡಸಾಲೆಯಲ್ಲಿ ನನಗೇ ಸ್ಟೆಮ್ ಸೆಲ್ಲಿನ, ಅಂದರೆ ಕಾಂಡಕೋಶದ, ಪಾಠ ಮಾಡಿದ.

“ಮೇಡಮ್ಮಾರ, ಸ್ಟೆಮ್ ಸೆಲ್ ಅಂದ್ರ ತಾಯಿ ಕೋಶ. ಮೈಯಾಗ ಎಲ್ಲಿ ಕೆಟ್ಟಿರತೈತಿ, ಅಲ್ಲಿಗೆ ತಾನ ಹೋಗಿ ರಿಪೇರಿ ಮಾಡತೈತಿ.”

“ನಿಮ್ಮ ಪೊಟ್ಟಣದಾಗ ಇರೋದು ಯಾರ ಕೋಶ?” ಎಂದೆ.

“ಸೇಬಿಂದು. ಫಾರಿನ್ ಸೇಬು.”

“ಹಂಗಾರ ಸೇಬು ತಿಂದವರ ಮೈಯಾಗ ಟೊಂಗಿ ಒಡೀಬೇಕಾಗಿತ್ತಲ್ಲ?”

ಅವನು ನಕ್ಕ. ಓದಿದವರನ್ನು ಕಂಡರೆ ಹೇಗೆ ನಗಬೇಕೆಂಬುದನ್ನೂ ಆ ಸಭೆಯಲ್ಲೇ ಕಲಿಸಿರಬೇಕು. ಭಾವನೂ ನಕ್ಕರು. ಅವರಿಗೆ ತಮ್ಮ ಹೇಳಿದ್ದೇ ವೇದ. ಇಂಗ್ಲಿಷ್ ಬೆರೆಸಿ ಹೇಳಿದರೆ ನಾಲ್ಕೂ ವೇದ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಆ ವರ್ಷ ಭತ್ತದ ನಾಟಿಯ ಹೊತ್ತಿನಲ್ಲಿ ಆಳುಗಳಿಗೆ ಬುತ್ತಿ ಒಯ್ದವಳ ಪಾದಕ್ಕೆ ಜಾಲಿಮುಳ್ಳು ಚುಚ್ಚಿತು. ತಾನೇ ಮುಳ್ಳು ತೆಗೆದು ಅರಿಶಿನ ಹಚ್ಚಿಕೊಂಡಳು. ಪಾದ ಬಾತು ಕೆಂಪಾದಾಗ ಆಸ್ಪತ್ರೆಗೆ ಹೊರಟಳು. ಮೈದುನ ತಡೆದ.

“ಅವರ ಗುಳಿಗಿ ತಿಂದ್ರ ಕಿಡ್ನಿ ಹೋಗತಾವ ವೈನಿ. ಇದನ್ನ ಕುಡೀರಿ, ಹೊಸ ಮಾಂಸ ಕಟ್ಟತೈತಿ.”

ಅಕ್ಕ ಕುಡಿದಳು. ಬೆಳಿಗ್ಗೆ ಕುಡಿದಳು, ಸಂಜೆ ಕುಡಿದಳು. ಫೋನಿನಲ್ಲಿ ನನಗೆ ಕಾಲು ನೋಯುತ್ತಿದೆ ಎಂದಷ್ಟೇ ಹೇಳಿದಳು.

ಭಾನುವಾರ ನಾನು ಹೋದಾಗ ಅವಳು ಎರಡು ಕೌದಿ ಹೊದ್ದು ನಡುಗುತ್ತಿದ್ದಳು. ಓಡಿ ಬಂದವಳಂತೆ ಏದುಸಿರು. ಪಾದದ ಎರಡು ಬೆರಳು ಕಪ್ಪಿಟ್ಟಿದ್ದವು. ನನ್ನನ್ನು ನೋಡಿ, “ಯವ್ವಾ, ಎಮ್ಮಿ ಹಿಂಡಿದೇನು?” ಎಂದಳು. ನಮ್ಮವ್ವ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ.

ಮೈದುನ ಬಾಗಿಲಲ್ಲಿ ನಿಂತು ಹೇಳಿದ, “ಗಾಬರಿ ಆಗಬ್ಯಾಡ್ರಿ. ಪುಡಿ ಕೆಲಸ ಮಾಡಾಕತ್ತೈತಿ. ಒಳಗಿನ ಹೊಲಸು ಹೊರಗ ಬರೋವಾಗ ಹಿಂಗ ಆಗತೈತಿ.”

ನಾನು ಅವನ ಕಡೆ ತಿರುಗಲಿಲ್ಲ. “ಭಾವಾ, ಗಾಡಿ ತೆಗೀರಿ. ಇಲ್ಲಂದ್ರ ಓಣಿ ಮಂದೀನ್ನೆಲ್ಲಾ ಕರೀತೀನಿ,” ಎಂದೆ. ಭಾವ ತಮ್ಮನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಕೊನೆಗೆ ಕೀಲಿ ಹುಡುಕಿದರು.

ಕೊಪ್ಪಳದ ಆಸ್ಪತ್ರೆಯ ವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ವಯಸ್ಸಿನವಳು. ಅಕ್ಕನನ್ನು ಒಳಗೆ ಸೇರಿಸಿಕೊಂಡು ಹೊರಗೆ ಬಂದು ಹೇಳಿದಳು. “ಗಾಯದ ನಂಜು ರಕ್ತಕ್ಕ ಏರೇತ್ರಿ. ಸೆಪ್ಸಿಸ್ ಅಂತೀವಿ. ನಂಜಿನ ಮ್ಯಾಲೆ ಜಗಳಕ್ಕ ಹೊಂಟ ಮೈ ಈಗ ತನ್ನ ಮನೀನ ತಾನ ಸುಡಾಕತ್ತೈತಿ. ಬಿಪಿ ಬಿದ್ದೈತಿ, ಕಿಡ್ನಿ ಸೋಲಾಕತ್ತಾವ. ಇಷ್ಟು ತಡ ಯಾಕ ಮಾಡಿದ್ರಿ?”

ಒಳಗೆ ಸಲಾಯಿನ್, ಸೂಜಿ ಶುರುವಾದವು. ಪಾದ ಕೊಯ್ದು ಕೀವು ತೆಗೆದರು. ಎರಡು ಬೆರಳೂ ಹೋದವು.

ಮರುದಿನ ಮೈದುನ ಕೋಟು ಹಾಕಿಕೊಂಡು, ಅಂತರ್ಜಾಲದಿಂದ ಮುದ್ರಿಸಿದ ಹಾಳೆಗಳನ್ನು ಹಿಡಿದು ಬಂದ. “ನೋಡ್ರಿ ಡಾಕ್ಟರ್ ಮೇಡಂ, ಸೆಪ್ಸಿಸ್‌ಗೆ ಸ್ಟೆಮ್ ಸೆಲ್ ಅಂತ ಇಲ್ಲೇ ಬರದಾರ. ನಮ್ಮ ಪುಡೀನ ಮೂಗಿನ ನಳಿಗಿಯಾಗ ಬಿಡ್ರಿ.”

ಅವಳು ಹಾಳೆಗಳನ್ನು ಎಸೆಯುತ್ತಾಳೆಂದು ನಾನು ಕಾದೆ. ಅವಳು ನಿಂತಲ್ಲೇ ಓದಿದಳು.

“ಇದು ಖರೇನ ಐತ್ರಿ. ಅವು ಮನುಷ್ಯಾರ ಕೋಶ. ಎಲುಬಿನ ಮಜ್ಜಿ, ಹೊಕ್ಕಳ ಬಳ್ಳಿ, ಇಂಥಾದ್ರಿಂದ ತೆಗೀತಾರ. ರಕ್ತನಾಳಕ್ಕ ಬಿಟ್ರ ಹುಚ್ಚೆದ್ದ ಮೈಯನ್ನ ತಣ್ಣಗ ಮಾಡಬಹುದೇನೋ ಅಂತ ನೋಡಾಕತ್ತಾರ. ಇಲಿಯೊಳಗ ಛಲೋ ಕಂಡೈತಿ. ಮನುಷ್ಯಾರಾಗ ಇನ್ನೂ ಸಣ್ಣ ಸಣ್ಣ ಪರೀಕ್ಷೆ ನಡದಾವ, ಜೀವ ಉಳಸತೈತಿ ಅಂತ ಸಾಬೀತಾಗಿಲ್ಲ. ಆದ್ರ ಮುಂದ ಒಂದಿನ ನಾನೂ ಕೊಟ್ಟೇನು. ನಿಮ್ಮದು ಹಣ್ಣಿನ ಪುಡಿ. ಹೊಟ್ಟ್ಯಾಗ ಅರಗತೈತಿ, ಅಷ್ಟ.”

“ಸ್ಟೆಮ್ ಸೆಲ್ ಅಂದ್ರ ಎಲ್ಲಾ ಒಂದೇ ಅಲ್ರೀ?”

“ಹಂಗಾರ ನಿಮಗ ರಕ್ತ ಕಮ್ಮಿ ಆದಾಗ ಬೀಟ್‌ರೂಟ್ ರಸ ಏರಸ್ಲೇನು?”

ಅವನು ಹಾಳೆಗಳನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡ. ಹೊರಡುವ ಮುನ್ನ ಗಾಜಿನ ಆಚೆಯಿಂದ ಅಕ್ಕನ ಫೋಟೊ ತೆಗೆದುಕೊಂಡ. ಅತ್ತಿಗೆಯ ಮೇಲಿನ ಕಳಕಳಿ ಎಂದು ಭಾವ ಕಣ್ಣೊರೆಸಿಕೊಂಡರು.

ಅಕ್ಕ ಉಳಿದಳು. ಕುಂಟುತ್ತ ಅಡುಗೆಮನೆಗೆ ಹೋಗುವಷ್ಟಾದಳು, ಆಮೇಲೆ ಗದ್ದೆಯ ಬದುವಿನವರೆಗೂ ನಡೆದಳು. ಆಗ ಮೈದುನ ಬಂದು, ಕೊಪ್ಪಳದ ಕಲ್ಯಾಣ ಮಂಟಪದಲ್ಲಿ ಕಂಪನಿಯ ಕಾರ್ಯಕ್ರಮವಿದೆ, ವೈನಿ ದೀಪ ಹಚ್ಚಬೇಕು ಎಂದ. ಅಕ್ಕ ಒಪ್ಪಿದಳು. ನನಗೆ ಮೈಯೆಲ್ಲ ಉರಿಯಿತು. ಆದರೂ ಜೊತೆಗೆ ಹೋದೆ.

ಸಭೆ ತುಂಬಿತ್ತು. ನಿವೃತ್ತ ಮಾಸ್ತರರು, ಬ್ಯಾಂಕಿನವರು, ಕಿರಾಣಿ ಅಂಗಡಿಯವರು. ನನ್ನ ಬಳಿ ಕಾಂಡಕೋಶದ ಪಾಠ ಕೇಳಿ ಪಾಸಾದ ಒಬ್ಬ ಟೈ ಕಟ್ಟಿಕೊಂಡು ಬಾಗಿಲಲ್ಲಿ ಗುಲಾಬಿ ಹಂಚುತ್ತಿದ್ದ. ನನ್ನ ಕೈಗೂ ಒಂದು ಕೊಟ್ಟ, ನಾಚಿಕೆ ಇಲ್ಲದೆ. ಪರದೆಯ ಮೇಲೆ ಅಕ್ಕನ ಫೋಟೊ ಮೂಡಿತು, ಮೂಗಲ್ಲಿ ನಳಿಗೆ, ಕೈಯಲ್ಲಿ ಸೂಜಿ. “ನಂಜು ಗೆದ್ದ ತಾಯಿ!” ಎಂದು ಮೈದುನ ಕೂಗಿದ. ಚಪ್ಪಾಳೆ. ಮೈಕು ಅಕ್ಕನ ಕೈಗೆ ಬಂತು.

ಅವಳು ಚಪ್ಪಲಿ ಬಿಟ್ಟು, ಸೀರೆ ಸ್ವಲ್ಪ ಎತ್ತಿ ಪಾದ ತೋರಿಸಿದಳು. “ಈ ಪುಡಿ ಕುಡಕೋತ ಕುಂತಾಗ ಬೆರಳು ಕರ್ರಗಾದ್ವು. ನಾ ಉಳದಿದ್ದು ದವಾಖಾನಿ ಸೂಜೀಲೆ. ಗಾಯ ಆದ್ರ, ಚಳಿ ಜ್ವರ ಬಂದ್ರ, ದವಾಖಾನಿಗೆ ಹೋಗ್ರಿ.”

ಮುಂದಿನ ಸಾಲಿನವರು ಪಾದ ನೋಡಲು ಎದ್ದು ನಿಂತರು. ಆದರೆ ಮೈದುನ ಗೊಬ್ಬರ ಮಾರಿದ ಗಟ್ಟಿಗ. ನಗುತ್ತಲೇ ಮೈಕು ಇಸಿದುಕೊಂಡ. “ಕೇಳಿದ್ರಲ್ಲ? ಸೂಜಿ ಹತ್ತಬೇಕಂದ್ರ ಒಳಗ ಮೈ ತಯಾರ ಇರಬೇಕಲ್ಲ? ತಯಾರ ಮಾಡಿದ್ದು ಯಾವುದು?”

“ಸ್ಟೆಮ್ ಸೆಲ್!” ಎಂದು ಮಂಟಪವೆಲ್ಲ ಕೂಗಿತು. ಮಾಸ್ತರರೂ ಕೂಗಿದರು. ಆಮೇಲೆ ಪೊಟ್ಟಣಕ್ಕೆ ಸಾಲು ಹಚ್ಚಿದರು.

ಹೊರಗೆ ಹನುಮಸಾಗರದ ಕಡೆಯ ರೈತನೊಬ್ಬ ನಮ್ಮ ಹಿಂದೆಯೇ ಬಂದ. ಅಂಗೈಗೆ ಟವೆಲ್ ಸುತ್ತಿಕೊಂಡಿದ್ದ. “ಯಕ್ಕಾ, ನೀವು ಹೇಳಿದ್ದು ಖರೆಯೋ, ಅವರು ಹೇಳಿದ್ದು ಖರೆಯೋ?”

“ಮೊದ್ಲ ಟವೆಲ್ ಬಿಚ್ಚು,” ಎಂದಳು ಅಕ್ಕ. ಕೈ ಬಾತಿತ್ತು, ಕೆಂಪು ಗೆರೆಯೊಂದು ಮೊಣಕೈ ಕಡೆ ಏರಿತ್ತು. ಅವಳು ಅವನಿಗೆ ಏನೂ ವಿವರಿಸಲಿಲ್ಲ. ಆಟೊ ಕೂಗಿ, ಅವನನ್ನು ಹತ್ತಿಸಿ, ತಾನೂ ಹತ್ತಿ, ಅದೇ ವೈದ್ಯೆಯ ಬಳಿ ಕರೆದೊಯ್ದಳು. ಅವನ ಅಂಗಿಯ ಜೇಬಿನಲ್ಲಿ ಆಗತಾನೆ ಕೊಂಡ ಪೊಟ್ಟಣವಿತ್ತು. ಅದನ್ನು ಅವನು ಬಿಸಾಡಲಿಲ್ಲ. ಎರಡೂ ಇರಲಿ ಎಂದುಕೊಂಡಿರಬೇಕು.

ಕೆಲವು ವಾರಗಳ ಮೇಲೆ ಕೈ ವಾಸಿಯಾಯಿತೆಂದು ಫೋನು ಮಾಡಿದ. ಯಾವುದರಿಂದ ವಾಸಿಯಾಯಿತು ಎಂದು ಅಕ್ಕ ಕೇಳಲಿಲ್ಲ. ನಾನಾಗಿದ್ದರೆ ಕೇಳದೆ ಬಿಡುತ್ತಿರಲಿಲ್ಲ.